ಕೈಗೆ ಸಿಕ್ಕದ ಪ್ರಾಣಿ

ಮನುಷ್ಯನು ಸ್ವಭಾವತಃ ಸಂಗ್ರಹಪ್ರಿಯನು. ಚಿಕ್ಕಂದಿನಲ್ಲಿ ಬೆಂಕಿಪೊಟ್ಟಣದ ಚಿತ್ರಗಳನ್ನೋ, ಅಂಚೆಚೀಟಿಗಳನ್ನೋ, ಬಣ್ಣದ ಗೋಲಿಗಳನ್ನೋ ಕೂಡಿಡದವರು ನಮ್ಮಲ್ಲಿ ವಿರಳ. ಆದರೆ ಆ ಸಂಗ್ರಹದಲ್ಲಿ ಎಲ್ಲ ವಸ್ತುಗಳಿಗೂ ಒಂದೇ ಬೆಲೆಯಿರುವುದಿಲ್ಲ. ಹತ್ತು ಸಲ ಸಿಕ್ಕ ಚಿತ್ರವನ್ನು ಕೇಳಿದವರಿಗೆ ಕೊಟ್ಟುಬಿಡುತ್ತೇವೆ. ಊರಿಗೆಲ್ಲ ಒಬ್ಬನ ಬಳಿ ಮಾತ್ರ ಇರುವ ಚಿತ್ರಕ್ಕಾಗಿ ನಿದ್ದೆಗೆಡುತ್ತೇವೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಔಷಧಕ್ಕೆ ಮಾತ್ರವಲ್ಲ, ಆಟದ ಸಾಮಾನಿಗೂ ಸಲ್ಲುತ್ತದೆ. ಈ ಮನೋಧರ್ಮವನ್ನೇ ತಳಹದಿಯಾಗಿ ಮಾಡಿಕೊಂಡು ಹುಟ್ಟಿದ ಒಂದು ಬಗೆಯ ವಿಡಿಯೊ ಆಟಗಳಿವೆ. ಅವುಗಳಲ್ಲಿ ಅಪರೂಪದ ಪ್ರಾಣಿಗಳನ್ನು ಹಿಡಿಯುವುದು ಏಕೆ ಅಷ್ಟು ಕಷ್ಟ, ಆ ಕಷ್ಟವನ್ನು ಯಾರು, ಹೇಗೆ ನಿರ್ಮಿಸುತ್ತಾರೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಈ ವಿಷಯವು ನನ್ನ ತಲೆಗೆ ಹೊಕ್ಕದ್ದು ಕಳೆದ ಬೇಸಿಗೆಯ ರಜೆಯಲ್ಲಿ. ನನ್ನ ಚಿಕ್ಕಮ್ಮನ ಮಗ, ಹನ್ನೊಂದು ವರ್ಷದ ಹುಡುಗ, ನಮ್ಮ ಮನೆಗೆ ಬಂದಿದ್ದನು. ಅವನ ಸೋದರಮಾವನು ಎಂದೋ ತಂದಿರಿಸಿದ್ದ ‘ಗೇಮ್ ಬಾಯ್ ಅಡ್ವಾನ್ಸ್’ ಎಂಬ ಅಂಗೈಯಗಲದ ಆಟದ ಯಂತ್ರವು ಅವನ ಕೈಸೇರಿತ್ತು. ಒಂದು ಸಂಜೆ ಹುಡುಗನು ಜಗಲಿಯ ಮೇಲೆ ಕುಳಿತು, ಉಸಿರು ಬಿಗಿಹಿಡಿದು, ಗುಂಡಿಯೊಂದನ್ನು ಬೆರಳು ಬೆಳ್ಳಗಾಗುವಂತೆ ಒತ್ತುತ್ತಿದ್ದನು. ಏನೆಂದು ಕೇಳಿದೆ. “ಅಣ್ಣಾ, ಈಗ ಮಾತಾಡಿಸಬೇಡ, ಇನ್ನೇನು ಸಿಕ್ಕಿಬಿಡುತ್ತೆ” ಎಂದನು. ಸಿಕ್ಕಲಿಲ್ಲ. ಆ ದಿನ ಅವನು ಮೂವತ್ತೇಳು ಚೆಂಡುಗಳನ್ನು ಎಸೆದನು, ಮೂವತ್ತೇಳೂ ವ್ಯರ್ಥವಾದುವು. ಕಣ್ಣಲ್ಲಿ ನೀರು ತುಂಬಿಕೊಂಡು ಒಳಗೆ ಬಂದ ಮೊಮ್ಮಗನನ್ನು ಅಜ್ಜಿ ಕೇಳಿದರು: “ಅಲ್ಲವೋ ಮಗು, ಸಿಕ್ಕಿದ ಮೇಲೆ ಅದನ್ನ ಏನು ಮಾಡ್ತೀಯೋ?” ಹುಡುಗನ ಉತ್ತರ ಚಿಕ್ಕದು: “ಸಿಕ್ಕಿದ್ರೆ ಸಾಕಜ್ಜಿ.”

ಮೂವತ್ತೇಳು ಚೆಂಡುಗಳು ವ್ಯರ್ಥವಾದದ್ದು ಅವನ ಕೈಗುಣದ ದೋಷವೋ, ಆಟದ ಮೋಸವೋ, ಅಥವಾ ಬರಿಯ ಲೆಕ್ಕವೋ? ಇದನ್ನು ಅರಿಯಬೇಕಾದರೆ ಮೊದಲು ಆಟದ ಪರಿಚಯವಾಗಬೇಕು.

ಜಪಾನಿನಲ್ಲಿ ೧೯೯೬ನೆಯ ಇಸವಿ ಫೆಬ್ರವರಿ ೨೭ರಂದು ‘ಪೊಕೆಮಾನ್’ ಎಂಬ ಆಟವು ‘ಕೆಂಪು’, ‘ಹಸುರು’ ಎಂಬ ಎರಡು ರೂಪಗಳಲ್ಲಿ ಮಾರಾಟಕ್ಕೆ ಬಂದಿತು. ನಿಂಟೆಂಡೊ ಕಂಪನಿಯ ‘ಗೇಮ್ ಬಾಯ್’ ಯಂತ್ರಕ್ಕಾಗಿ ಅದನ್ನು ರಚಿಸಿದ್ದು ‘ಗೇಮ್ ಫ್ರೀಕ್’ ಎಂಬ ಸಂಸ್ಥೆ. ಅದರ ಕಲ್ಪನೆ ಸತೋಷಿ ತಾಜಿರಿ ಎಂಬಾತನದು. ಈತನು ಟೋಕಿಯೋ ನಗರದ ಹೊರವಲಯದ ಮಾಚಿದಾ ಎಂಬಲ್ಲಿ ಬೆಳೆದವನು. ಬಾಲ್ಯದಲ್ಲಿ ಅವನಿಗೆ ಹುಳುಹುಪ್ಪಟೆಗಳನ್ನು ಹಿಡಿಯುವ ಗೀಳು. ದಿನಕಳೆದಂತೆ ಕೊಳಗಳು ಮುಚ್ಚಿಹೋಗಿ, ಬಯಲುಗಳಲ್ಲಿ ಕಟ್ಟಡಗಳೆದ್ದು, ಹುಳುಗಳು ಕಣ್ಮರೆಯಾದುವು. ತಾನು ಉಂಡ ಆ ಸುಖವನ್ನು ಪಟ್ಟಣದ ಮಕ್ಕಳಿಗೂ ಉಣಿಸಬೇಕೆಂಬ ಹಂಬಲದಿಂದ ಅವನು ಈ ಆಟವನ್ನು ಕಲ್ಪಿಸಿದನು. ಆಟಗಾರನು ಹುಲ್ಲುಗಾವಲು, ಗುಹೆ, ಕಡಲುಗಳಲ್ಲಿ ಅಲೆದಾಡಬೇಕು. ಎದುರಾದ ವಿಚಿತ್ರ ಪ್ರಾಣಿಯೊಡನೆ ತನ್ನ ಪ್ರಾಣಿಯನ್ನು ಕಾದಾಡಿಸಿ, ಅದು ಬಳಲಿದಾಗ ಚೆಂಡೊಂದನ್ನು ಎಸೆಯಬೇಕು. ಪ್ರಾಣಿಯು ಚೆಂಡಿನೊಳಗೆ ಸೇರಿ, ಚೆಂಡು ಮೂರು ಬಾರಿ ಅಲುಗಾಡಿ ಸ್ತಬ್ಧವಾದರೆ ಅದು ಸೆರೆಯಾಯಿತೆಂದು ಅರ್ಥ. ಮೊದಲ ಆಟದಲ್ಲಿದ್ದ ಪ್ರಾಣಿಗಳು ೧೫೧. ಇಂದು ಆ ಸಂಖ್ಯೆಯು ಸಾವಿರವನ್ನು ಮೀರಿದೆ.

ಪ್ರಾಣಿಗಳನ್ನು ಕೂಡಿಹಾಕುವ ಆಟವೆಂದರೆ ಇದೊಂದೇ ಎಂದು ತಿಳಿಯಬಾರದು. ಇದಕ್ಕೆ ಮುಂಚೆಯೇ, ೧೯೮೭ರಲ್ಲಿ ಬಂದ ‘ಮೆಗಾಮಿ ಟೆನ್ಸೆ’ ಎಂಬ ಆಟದಲ್ಲಿ ಪಿಶಾಚಿಗಳೊಡನೆ ಮಾತಾಡಿ, ಅವುಗಳ ಮನವೊಲಿಸಿ ಜೊತೆಗೆ ಸೇರಿಸಿಕೊಳ್ಳಬೇಕಾಗಿತ್ತು. ೧೯೯೨ರ ‘ಡ್ರ್ಯಾಗನ್ ಕ್ವೆಸ್ಟ್’ ಸರಣಿಯ ಐದನೆಯ ಆಟದಲ್ಲಿ ಸೋತ ಪ್ರಾಣಿಯು ಒಮ್ಮೊಮ್ಮೆ ತಾನಾಗಿ ಎದ್ದು ಬಂದು ಗೆದ್ದವನ ಗುಂಪನ್ನು ಸೇರುತ್ತಿತ್ತು. ಆದರೆ ಹಿಡಿಯುವ ಕಷ್ಟವನ್ನೇ ಒಂದು ಶಾಸ್ತ್ರವನ್ನಾಗಿ ಬೆಳೆಸಿದ್ದು ಪೊಕೆಮಾನ್. ಆದುದರಿಂದ ನಮ್ಮ ವಿಚಾರಕ್ಕೆ ಅದನ್ನೇ ಆರಿಸಿಕೊಳ್ಳೋಣ.

ಅಪರೂಪದ ಪ್ರಾಣಿಯನ್ನು ಪಡೆಯುವ ದಾರಿಯಲ್ಲಿ ನಾಲ್ಕು ಬೀಗಗಳಿವೆಯೆನ್ನಬಹುದು. ಮೊದಲನೆಯದು, ಅದು ಕಣ್ಣಿಗೆ ಬೀಳಬೇಕು. ಎರಡನೆಯದು, ಓಡಿಹೋಗದೆ ನಿಲ್ಲಬೇಕು. ಮೂರನೆಯದು, ಚೆಂಡಿಗೆ ಒಳಗಾಗಬೇಕು. ನಾಲ್ಕನೆಯದು ಎಲ್ಲಕ್ಕಿಂತಲೂ ಸ್ವಾರಸ್ಯವಾದುದು. ಅದನ್ನು ಒಬ್ಬನೇ ತೆರೆಯಲಾರನು.

ಮೊದಲನೆಯ ಬೀಗವನ್ನು ನೋಡೋಣ. ಹುಲ್ಲಿನಲ್ಲಿ ನಡೆಯುವಾಗ ಯಾವ ಪ್ರಾಣಿ ಎದುರಾಗಬೇಕೆಂಬುದನ್ನು ಯಂತ್ರವು ಚೀಟಿಯೆತ್ತಿ ನಿರ್ಧರಿಸುತ್ತದೆ. ಒಂದು ಮಡಕೆಯಲ್ಲಿ ೨೫೬ ಚೀಟಿಗಳಿವೆಯೆಂದು ಭಾವಿಸಿ. ಮೊದಲ ಆಟದಲ್ಲಿ ಪ್ರತಿಯೊಂದು ಪ್ರದೇಶಕ್ಕೂ ಹತ್ತು ಸ್ಥಾನಗಳು. ಮೊದಲೆರಡು ಸ್ಥಾನಗಳಿಗೆ ಐವತ್ತೊಂದೈವತ್ತೊಂದು ಚೀಟಿಗಳು. ಹಾಗೆಯೇ ಇಳಿಯುತ್ತ ಬಂದು ಹತ್ತನೆಯ ಸ್ಥಾನಕ್ಕೆ ಬರುವುದು ಮೂರೇ ಚೀಟಿ. ಆ ಸ್ಥಾನದಲ್ಲಿ ಮಾತ್ರ ಇರುವ ಪ್ರಾಣಿಯನ್ನು ಒಮ್ಮೆ ಕಾಣಲು ಸರಾಸರಿ ಎಂಬತ್ತೈದು ಸಲ ಎದುರಾಳಿಗಳನ್ನು ಸಂಧಿಸಬೇಕು. ಇಲ್ಲಿ ಪ್ರಾಣಿಯ ಬಲಾಬಲದ ಪ್ರಶ್ನೆಯೇ ಇಲ್ಲ. ಲೋಕಪ್ರಸಿದ್ಧವಾದ ಹಳದಿ ಬಣ್ಣದ ಪಿಕಾಚು ಕೂಡ ಮೊದಲ ಆಟದ ಕಾಡಿನಲ್ಲಿ ನೂರಕ್ಕೆ ಸುಮಾರು ಐದು ಬಾರಿ ಮಾತ್ರ ಎದುರಾಗುತ್ತಿತ್ತು. ಎದುರಾದಮೇಲೆ ಅದನ್ನು ಹಿಡಿಯುವುದು ಅಷ್ಟೇನೂ ಪ್ರಯಾಸವಲ್ಲ.

ಕಾಣುವ ಕಷ್ಟಕ್ಕೆ ಪರಮಾವಧಿಯ ಉದಾಹರಣೆ ‘ಫೀಬಾಸ್’ ಎಂಬ ಮೀನು. ೨೦೦೨ರಲ್ಲಿ ಬಂದ ‘ರೂಬಿ’, ‘ಸಫೈರ್’ ಆಟಗಳಲ್ಲಿ ಒಂದು ಉದ್ದವಾದ ನದಿಯಿದೆ. ನೂರಾರು ಚೌಕಗಳುಳ್ಳ ಆ ನದಿಯಲ್ಲಿ ಆರೇ ಆರು ಚೌಕಗಳಲ್ಲಿ ಈ ಮೀನು ವಾಸಿಸುತ್ತದೆ. ಹೊರನೋಟಕ್ಕೆ ಆ ಚೌಕಗಳಿಗೂ ಉಳಿದ ನೀರಿಗೂ ಯಾವ ವ್ಯತ್ಯಾಸವೂ ಇಲ್ಲ. ಮೇಲಾಗಿ, ಬೇರೊಂದು ಊರಿನ ಜನರ ಬಾಯಲ್ಲಿ ಚಾಲ್ತಿಯಲ್ಲಿರುವ ಮಾತು ಬದಲಾದರೆ ಆ ಆರು ಚೌಕಗಳೂ ಸ್ಥಳ ಬದಲಾಯಿಸುತ್ತವೆ! ಗಾಳವನ್ನು ಹಿಡಿದು ಚೌಕದಿಂದ ಚೌಕಕ್ಕೆ ಸಾಗುವುದೊಂದೇ ಉಪಾಯ. ಆದರೆ ಹೀಗೆ ಪತ್ತೆಯಾದ ಮೀನನ್ನು ಹಿಡಿಯುವುದು ಆಟದಲ್ಲಿನ ಅತಿ ಸುಲಭವಾದ ಕೆಲಸಗಳಲ್ಲೊಂದು. ನೋಡಲು ಕುರೂಪಿಯಾದ ಈ ಮೀನೇ ಬೆಳೆದು ‘ಮಿಲೋಟಿಕ್’ ಎಂಬ ಅತ್ಯಂತ ಸುಂದರ ಪ್ರಾಣಿಯಾಗುತ್ತದೆಂಬುದು ರಚಕರ ಚಮತ್ಕಾರ.

ಬಣ್ಣದ ಅಪೂರ್ವತೆಯೂ ಒಂದುಂಟು. ೧೯೯೯ರ ‘ಚಿನ್ನ’, ‘ಬೆಳ್ಳಿ’ ಆಟಗಳಿಂದ ಮೊದಲ್ಗೊಂಡು, ಯಾವುದೇ ಪ್ರಾಣಿಯು ೮,೧೯೨ರಲ್ಲಿ ಒಂದು ಸಲ ತನ್ನ ಸಹಜವಾದ ಬಣ್ಣವನ್ನು ಬಿಟ್ಟು ಬೇರೆ ಬಣ್ಣದಲ್ಲಿ ಮಿನುಗುತ್ತ ಕಾಣಿಸಿಕೊಳ್ಳುತ್ತದೆ. ೨೦೧೩ರ ‘ಎಕ್ಸ್’, ‘ವೈ’ ಆಟಗಳಿಂದೀಚೆಗೆ ಇದನ್ನು ೪,೦೯೬ರಲ್ಲಿ ಒಂದಕ್ಕೆ ಇಳಿಸಿದರು. ಬಲದಲ್ಲಿ ಅದಕ್ಕೂ ಸಾಮಾನ್ಯ ಪ್ರಾಣಿಗೂ ಭೇದವಿಲ್ಲ, ಬಣ್ಣವೊಂದೇ ಬೇರೆ. ಆದರೂ ಅದಕ್ಕಾಗಿ ತಿಂಗಳುಗಟ್ಟಲೆ ಹುಲ್ಲು ತುಳಿಯುವವರಿದ್ದಾರೆ. ಬೆಲೆಯು ವಸ್ತುವಿನಲ್ಲಿಲ್ಲ, ವಿರಳತೆಯಲ್ಲಿದೆ ಎಂಬ ಅರ್ಥಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೆ?

ಇನ್ನು ಎರಡನೆಯ ಬೀಗ: ಓಡಿಹೋಗುವ ಪ್ರಾಣಿ. ‘ಅಬ್ರಾ’ ಎಂಬುದು ಸದಾ ನಿದ್ರಿಸುತ್ತಿರುವ ಪ್ರಾಣಿ. ಅದರ ವಿದ್ಯೆ ಒಂದೇ, ಮಾಯವಾಗುವುದು. ಆಟಗಾರನು ಅದನ್ನು ಬಳಲಿಸಲು ಹೊರಟರೆ ಮರುಗಳಿಗೆಯಲ್ಲಿ ಅದು ಅಲ್ಲಿರುವುದಿಲ್ಲ. ಆದುದರಿಂದ ಹೊಡೆತವಿಲ್ಲದೆ, ಕಂಡೊಡನೆಯೇ ಚೆಂಡೆಸೆಯಬೇಕು. ‘ಚಿನ್ನ’, ‘ಬೆಳ್ಳಿ’ ಆಟಗಳ ರಾಯ್ಕೂ, ಎಂಟೇ, ಸುಯ್‌ಕೂನ್ ಎಂಬ ಮೂರು ಮೃಗಗಳಂತೂ ಒಂದು ಕಡೆ ನಿಲ್ಲುವುವೇ ಅಲ್ಲ. ಅವು ನಾಡಿನ ದಾರಿಗಳಲ್ಲೆಲ್ಲ ಅಲೆಯುತ್ತಿರುತ್ತವೆ. ನಾವು ಒಂದೂರಿನಿಂದ ಇನ್ನೊಂದೂರಿಗೆ ಹೋದರೆ ಅವೂ ಬೇರೆ ದಾರಿ ಹಿಡಿಯುತ್ತವೆ. ಎದುರಾದರೂ ಒಂದೇ ಸರದಿಯಲ್ಲಿ ಕಾಲ್ತೆಗೆಯುತ್ತವೆ.

ಮೊದಲ ಆಟದ ‘ಸಫಾರಿ ವಲಯ’ದ ಸಂಕಟ ಇನ್ನೊಂದು ತೆರನಾದುದು. ಅಲ್ಲಿ ಆಟದ ಹಣ ಐನೂರನ್ನು ಕಟ್ಟಿ ಒಳಹೊಕ್ಕವನಿಗೆ ಮೂವತ್ತು ಚೆಂಡುಗಳನ್ನೂ ಐನೂರು ಹೆಜ್ಜೆಗಳನ್ನೂ ಕೊಡುತ್ತಾರೆ. ಕಾದಾಟಕ್ಕೆ ಅಲ್ಲಿ ಅವಕಾಶವಿಲ್ಲ. ಕಲ್ಲೆಸೆಯಬಹುದು, ಇಲ್ಲವೆ ತಿಂಡಿಯೆಸೆಯಬಹುದು. ಕಲ್ಲೆಸೆದರೆ ಪ್ರಾಣಿಯು ಹಿಡಿತಕ್ಕೆ ಸುಲಭವಾಗುತ್ತದೆ, ಆದರೆ ಸಿಟ್ಟಾಗಿ ಓಡುವ ಸಂಭವ ಹೆಚ್ಚುತ್ತದೆ. ತಿಂಡಿಯೆಸೆದರೆ ನಿಂತು ತಿನ್ನುತ್ತದೆ, ಆದರೆ ಹಿಡಿಯುವುದು ಮತ್ತಷ್ಟು ಕಷ್ಟವಾಗುತ್ತದೆ. ಅತ್ತ ದರಿ, ಇತ್ತ ಪುಲಿ. ಅಪರೂಪದ ಚಾನ್ಸಿಯನ್ನೋ ಟಾರಸ್ಸನ್ನೋ ಕಂಡ ಬಾಲಕನ ಪಾಡು ಏನಾಗಿರಬೇಡ! ಆದರೆ ಈ ದ್ವಂದ್ವವೇ ಆ ವಲಯದ ರುಚಿ. ಕಲ್ಲಿನಿಂದ ಎರಡು ಲಾಭವೂ ಆಗುವಂತಿದ್ದರೆ ಅಲ್ಲಿ ಆಲೋಚನೆಗೆ ಎಡೆಯೇ ಇರುತ್ತಿರಲಿಲ್ಲ.

ಈಗ ಮೂರನೆಯ ಬೀಗಕ್ಕೆ ಬರೋಣ. ನಮ್ಮ ಹುಡುಗನನ್ನು ಅಳಿಸಿದ್ದು ಇದೇ. ಪ್ರತಿಯೊಂದು ಪ್ರಾಣಿಗೂ ರಚಕರು ಒಂದು ಅಂಕವನ್ನು ಕೊಟ್ಟಿರುತ್ತಾರೆ. ಅದನ್ನು ನಾವು ‘ಸೆರೆಯ ಅಂಕ’ ಎನ್ನೋಣ. ಅದು ಹೆಚ್ಚೆಂದರೆ ೨೫೫, ಕಡಿಮೆಯೆಂದರೆ ೩. ‘ಕ್ಯಾಟರ್‌ಪಿ’ ಎಂಬ ಬಡ ಕಂಬಳಿಹುಳುವಿಗೆ ೨೫೫. ಗುಹೆಯ ಆಳದಲ್ಲಿ ಕಾದಿರುವ ‘ಮ್ಯೂಟೂ’ ಎಂಬ ಮಹಾಪ್ರಾಣಿಗೆ ೩. ೨೦೦೨ರ ಆಟಗಳಲ್ಲೂ ಅವುಗಳ ಹಿಂದೆಯೇ ಬಂದ ಕೆಲವು ಆಟಗಳಲ್ಲೂ ನಡೆಯುವ ಲೆಕ್ಕವು ಸ್ಥೂಲವಾಗಿ ಹೀಗಿದೆ. ಪ್ರಾಣಿಯು ಪೂರ್ಣ ಶಕ್ತಿಯಿಂದಿದ್ದರೆ ಅದರ ಸೆರೆಯ ಅಂಕದ ಮೂರನೆಯ ಒಂದು ಪಾಲು ಮಾತ್ರ ಲೆಕ್ಕಕ್ಕೆ ಬರುತ್ತದೆ. ಬಳಲಿದಷ್ಟೂ ಅದು ಏರಿ, ಪ್ರಾಣ ಕುತ್ತಿಗೆಗೆ ಬಂದಾಗ ಹೆಚ್ಚುಕಡಿಮೆ ಪೂರ್ಣ ಅಂಕವಾಗುತ್ತದೆ. ಪ್ರಾಣಿಯು ನಿದ್ರಿಸುತ್ತಿದ್ದರೆ ಅದು ಎರಡರಷ್ಟು. ‘ಅಲ್ಟ್ರಾ ಬಾಲ್’ ಎಂಬ ಉತ್ತಮ ಚೆಂಡನ್ನು ಬಳಸಿದರೆ ಮತ್ತೂ ಎರಡರಷ್ಟು. ಹೀಗೆ ಬಂದ ಸಂಖ್ಯೆಯನ್ನು ೨೫೫ರಿಂದ ಭಾಗಿಸಿದರೆ ಒಂದು ಚೆಂಡಿಗೆ ಪ್ರಾಣಿ ಸಿಕ್ಕುವ ಸಂಭವನೀಯತೆಯು ದೊರೆಯುತ್ತದೆ.

ಮ್ಯೂಟೂವಿನ ವಿಷಯದಲ್ಲಿ ಇದನ್ನು ಹಚ್ಚಿ ನೋಡೋಣ. ಪೂರ್ಣಶಕ್ತಿಯ ಪ್ರಾಣಿಯ ಮೇಲೆ ಸಾಧಾರಣ ಚೆಂಡೆಸೆದರೆ ೨೫೫ರಲ್ಲಿ ಒಂದು ಅವಕಾಶ. ಚೆನ್ನಾಗಿ ಬಳಲಿಸಿದರೆ ೨೫೫ರಲ್ಲಿ ಮೂರು. ನಿದ್ದೆಗೆಡಹಿದರೆ ಆರು. ಅಲ್ಟ್ರಾ ಬಾಲ್ ಎಸೆದರೆ ಹನ್ನೆರಡು. ಎಂದರೆ ಸುಮಾರು ಇಪ್ಪತ್ತೊಂದರಲ್ಲಿ ಒಂದು. ಮನುಷ್ಯಪ್ರಯತ್ನವೆಲ್ಲ ಸೇರಿ ಅವಕಾಶವನ್ನು ಹನ್ನೆರಡು ಪಾಲು ಹೆಚ್ಚಿಸಿತು. ಆದರೂ ಉಳಿದದ್ದು ನೂರಕ್ಕೆ ಐದಕ್ಕಿಂತ ಕಡಿಮೆ. ಇದಕ್ಕೆ ಹೋಲಿಸಿದರೆ, ಆ ಕಂಬಳಿಹುಳುವು ಪೂರ್ಣ ಶಕ್ತಿಯಲ್ಲಿದ್ದರೂ ಮೂರು ಸಾಧಾರಣ ಚೆಂಡಿಗೆ ಒಂದರಂತೆ ಸಿಕ್ಕುತ್ತದೆ. ಪ್ರಾಣಿಯನ್ನು ಬಳಲಿಸುವುದರಲ್ಲಿಯೂ ಅಪಾಯವಿಲ್ಲದಿಲ್ಲ. ಹೊಡೆತ ಒಂದಿಷ್ಟು ಹೆಚ್ಚಾದರೆ ಪ್ರಾಣಿಯು ಮೂರ್ಛೆ ಹೋಗುತ್ತದೆ. ಮೊದಲ ಆಟದಲ್ಲಿ ಮ್ಯೂಟೂ ಒಂದೇ ಒಂದು. ಅದು ಮೂರ್ಛೆ ಹೋದರೆ ಮತ್ತೆ ಬರುತ್ತಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗುವುದೆಂದರೆ ಇದೇ.

ಹುಡುಗನು ಆಡುತ್ತಿದ್ದದ್ದು ೨೦೦೪ರ ‘ಫೈರ್‌ರೆಡ್’ ಎಂಬ ಆಟ. ಈ ಲೆಕ್ಕವೇ ಅದಕ್ಕೂ ಸಲ್ಲುತ್ತದೆ. ಅಂದು ರಾತ್ರಿ ನಾನು ಕಾಗದ ಪೆನ್ಸಿಲು ಹಿಡಿದು ಕುಳಿತೆ. ಪ್ರಾಣಿಯು ಉದ್ದಕ್ಕೂ ನಿದ್ರಿಸುತ್ತಲೇ ಇತ್ತೆಂದು ಇಟ್ಟುಕೊಂಡರೂ, ಹದಿನಾಲ್ಕು ಚೆಂಡುಗಳಲ್ಲಿ ಅರ್ಧದಷ್ಟು ಜನ ಆಟಗಾರರಿಗೆ ಅದು ಸಿಕ್ಕಿರುತ್ತದೆ. ಮೂವತ್ತು ಚೆಂಡುಗಳಾದರೂ ಸಿಕ್ಕದವರು ನೂರಕ್ಕೆ ಇಪ್ಪತ್ಮೂರು ಮಂದಿಗಿಂತ ಹೆಚ್ಚು. ಮೂವತ್ತೇಳು ಚೆಂಡುಗಳನ್ನು ಕಳೆದುಕೊಂಡೂ ಬರಿಗೈಯಲ್ಲಿರುವವರು ಆರರಲ್ಲಿ ಒಬ್ಬರು. ಹುಡುಗನು ಆ ಆರರಲ್ಲೊಬ್ಬನಾಗಿದ್ದನು, ಅಷ್ಟೆ. ಆಟದಲ್ಲಿ ಮೋಸವೂ ಇರಲಿಲ್ಲ; ಅವನ ಹಣೆಯಲ್ಲಿ ವಿಶೇಷವಾದ ಬರೆಹವೂ ಇರಲಿಲ್ಲ.

ಹಾಗಿದ್ದರೆ ಅವನು “ಇನ್ನೇನು ಸಿಕ್ಕಿಬಿಡುತ್ತೆ” ಎಂದು ಅಷ್ಟು ದೃಢವಾಗಿ ನಂಬಲು ಕಾರಣವೇನು? ಇಲ್ಲಿಯೇ ಆಟದ ಅತ್ಯಂತ ನಯವಾದ ಕುಶಲತೆ ಅಡಗಿದೆ. ಯಂತ್ರವು ಒಂದೇ ಸಲಕ್ಕೆ ‘ಸಿಕ್ಕಿತು’ ‘ಸಿಕ್ಕಲಿಲ್ಲ’ ಎಂದು ಹೇಳುವುದಿಲ್ಲ. ಒಂದೇ ನಿರ್ಣಯವನ್ನು ನಾಲ್ಕು ಪರೀಕ್ಷೆಗಳಾಗಿ ವಿಂಗಡಿಸುತ್ತದೆ. ಮೊದಲನೆಯದರಲ್ಲಿ ತೇರ್ಗಡೆಯಾದರೆ ಚೆಂಡು ಒಮ್ಮೆ ಅಲುಗುತ್ತದೆ. ಎರಡರಲ್ಲಿ ಆದರೆ ಎರಡು ಸಲ. ಮೂರರಲ್ಲಿ ಆದರೆ ಮೂರು ಸಲ. ನಾಲ್ಕರಲ್ಲೂ ತೇರ್ಗಡೆಯಾದರೆ ಮಾತ್ರ ಬೀಗ ಬೀಳುತ್ತದೆ. ಮೇಲೆ ಹೇಳಿದ ಮ್ಯೂಟೂವಿನ ಸ್ಥಿತಿಯಲ್ಲಿ ಒಂದೊಂದು ಪರೀಕ್ಷೆಯಲ್ಲೂ ಗೆಲ್ಲುವ ಸಂಭವ ನೂರಕ್ಕೆ ನಲವತ್ತೇಳರ ಹತ್ತಿರ. ಇದರಿಂದ ವಿಚಿತ್ರವಾದ ಒಂದು ಫಲಿತಾಂಶ ಬರುತ್ತದೆ. ಚೆಂಡು ಮೂರು ಸಲ ಅಲುಗಿ ಕಡೆಯ ಗಳಿಗೆಯಲ್ಲಿ ಒಡೆದುಹೋಗುವ ಸಂಭವ ನೂರಕ್ಕೆ ೫.೪, ಪ್ರಾಣಿ ನಿಜವಾಗಿ ಸಿಕ್ಕುವ ಸಂಭವ ನೂರಕ್ಕೆ ೪.೭. ಎಂದರೆ, ಪ್ರತಿಯೊಂದು ಗೆಲವಿಗೂ ಒಂದಕ್ಕಿಂತ ತುಸು ಹೆಚ್ಚಾಗಿಯೇ ‘ಇನ್ನೇನು’ ಎಂಬ ಸೋಲುಗಳು ಬರುತ್ತವೆ.

ಈ ‘ಇನ್ನೇನು’ ಎಂಬುದು ಬರಿಯ ತೋರಿಕೆ. ಮೂರು ಸಲ ಅಲುಗಿ ಒಡೆದ ಚೆಂಡಿಗೂ, ಒಮ್ಮೆಯೂ ಅಲುಗದೆ ಒಡೆದ ಚೆಂಡಿಗೂ ಮುಂದಿನ ಚೆಂಡಿನ ದೃಷ್ಟಿಯಿಂದ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಮರದ ಬುಡಕ್ಕೆ ಬಿದ್ದ ಕೊಡಲಿಯ ಪ್ರತಿಯೊಂದು ಏಟೂ ಮರವನ್ನು ಸ್ವಲ್ಪ ಸ್ವಲ್ಪವಾಗಿ ಕಡಿಯುತ್ತದೆ. ಹತ್ತನೆಯ ಏಟಿಗೆ ಒಂಬತ್ತು ಏಟುಗಳ ಸಹಾಯವಿದೆ. ಇಲ್ಲಿ ಹಾಗಲ್ಲ. ಮೂವತ್ತೆಂಟನೆಯ ಚೆಂಡಿಗೆ ಹಿಂದಿನ ಮೂವತ್ತೇಳರ ನೆನಪಿಲ್ಲ. ಸಂಭವಕ್ಕೆ ಸ್ಮರಣಶಕ್ತಿಯಿಲ್ಲ ಎಂಬುದನ್ನು ನಾವು ಪುಸ್ತಕದಲ್ಲಿ ಓದಿ ಒಪ್ಪುತ್ತೇವೆ. ಚೆಂಡು ಅಲುಗುವುದನ್ನು ಕಂಡೊಡನೆ ಮರೆಯುತ್ತೇವೆ. ೮,೧೯೨ರಲ್ಲಿ ಒಂದು ಎಂದರೆ, ೮,೧೯೨ ಪ್ರಾಣಿಗಳನ್ನು ಕಂಡಮೇಲೆ ಮಿನುಗುವುದೊಂದು ಬಂದೇ ತೀರಬೇಕೆಂದು ಎಷ್ಟೋ ಮಂದಿ ಭಾವಿಸುತ್ತಾರೆ. ಅಷ್ಟನ್ನು ಕಂಡೂ ಒಂದನ್ನೂ ಪಡೆಯದವರು ನೂರಕ್ಕೆ ಮೂವತ್ತೇಳು ಮಂದಿ! ‘ಟೈಮರ್ ಬಾಲ್’ ಎಂಬ ಒಂದು ಬಗೆಯ ಚೆಂಡು ಮಾತ್ರ ಇದಕ್ಕೆ ಅಪವಾದ. ಕಾದಾಟ ಬೆಳೆದಷ್ಟೂ ಅದರ ಬಲ ಹೆಚ್ಚುತ್ತದೆ. ಅದೂ ರಚಕರು ಬೇಕೆಂದೇ ಇಟ್ಟ ನಿಯಮವೇ ಹೊರತು ದೈವದ ಕನಿಕರವಲ್ಲ.

ನೆನಪಿಲ್ಲದ ಸಂಭವದ ಮುಂದೆ ನಿಂತ ಮನುಷ್ಯನು ಮಾಡುವುದೇನು? ಮಂತ್ರವನ್ನು ಹುಡುಕುತ್ತಾನೆ. ಚೆಂಡು ಅಲುಗುವಾಗ ಇಂಥ ಗುಂಡಿಯನ್ನು ಒತ್ತಿ ಹಿಡಿದರೆ ಪ್ರಾಣಿ ಹೊರಬರುವುದಿಲ್ಲ ಎಂಬ ನಂಬಿಕೆಯು ಜಪಾನು, ಯೂರೋಪು, ಅಮೆರಿಕಗಳ ಮಕ್ಕಳಲ್ಲೆಲ್ಲ ಹಬ್ಬಿತ್ತು. ಒಬ್ಬರು ‘ಎ’ ಗುಂಡಿ ಎನ್ನುವರು, ಇನ್ನೊಬ್ಬರು ‘ಬಿ’ ಗುಂಡಿಯೊಡನೆ ಕೆಳಮುಖದ ಗುಂಡಿ ಎನ್ನುವರು. ಮೇಲಿನ ಲೆಕ್ಕದಲ್ಲಿ ಈ ಒತ್ತುವಿಕೆಗೆ ಯಾವ ಸ್ಥಾನವೂ ಇಲ್ಲ. ನಮ್ಮ ಹುಡುಗನ ಬೆರಳು ಬೆಳ್ಳಗಾದದ್ದು ಇದೇ ನಂಬಿಕೆಯಿಂದ. ಅವನಿಗೆ ಅದನ್ನು ಯಾರೂ ಕಲಿಸಿರಲಿಲ್ಲ, ತಾನಾಗಿಯೇ ಹೊಳೆದಿತ್ತಂತೆ! ಒಂದು ಸಲ ಒತ್ತಿದಾಗ ಸಿಕ್ಕಿದ್ದನ್ನು ನೆನಪಿಡುತ್ತೇವೆ, ಒತ್ತಿಯೂ ಸಿಕ್ಕದ ಹತ್ತು ಸಲಗಳನ್ನು ಮರೆಯುತ್ತೇವೆ. ಮೂಢನಂಬಿಕೆಯ ಹುಟ್ಟನ್ನು ನೋಡಬೇಕಾದರೆ ಪುರಾತನ ಕಾಲಕ್ಕೆ ಹೋಗಬೇಕಾಗಿಲ್ಲ. ನಮ್ಮ ಜಗಲಿಯೇ ಸಾಕು.

ನಾಲ್ಕನೆಯ ಬೀಗವೊಂದು ಉಳಿಯಿತು. ತಾಜಿರಿಯು ಎರಡು ಗೇಮ್ ಬಾಯ್ ಯಂತ್ರಗಳನ್ನು ಜೋಡಿಸುವ ತಂತಿಯನ್ನು ಕಂಡಾಗ, ಅದರ ಮೇಲೆ ಹುಳುಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿದುಹೋಗುವಂತೆ ಅವನಿಗೆ ತೋರಿತಂತೆ. ಆ ಕಲ್ಪನೆಯ ಫಲವಾಗಿ ಆಟವು ಎರಡು ರೂಪಗಳಲ್ಲಿ ಹೊರಬಂದಿತು. ಒಂದರಲ್ಲಿರುವ ಕೆಲವು ಪ್ರಾಣಿಗಳು ಇನ್ನೊಂದರಲ್ಲಿಲ್ಲ. ಕೆಲವು ಪ್ರಾಣಿಗಳಂತೂ ಒಬ್ಬರಿಂದೊಬ್ಬರಿಗೆ ವಿನಿಮಯವಾದಾಗಲೇ ಮುಂದಿನ ರೂಪಕ್ಕೆ ಬೆಳೆಯುತ್ತವೆ. ಎಷ್ಟೇ ಜಾಣನಾದರೂ, ಎಷ್ಟೇ ಅದೃಷ್ಟವಂತನಾದರೂ, ಒಬ್ಬನೇ ಕುಳಿತು ಪಟ್ಟಿಯನ್ನು ಪೂರ್ಣಗೊಳಿಸಲಾರನು. ಅವನಿಗೆ ಗೆಳೆಯನೊಬ್ಬನು ಬೇಕೇ ಬೇಕು. ಕಷ್ಟಗಳೆಲ್ಲದರಲ್ಲಿಯೂ ನನಗೆ ಅತ್ಯಂತ ಮೆಚ್ಚಿಕೆಯಾದುದು ಇದು. ಇಲ್ಲಿ ಅಪರೂಪವು ಹುಡುಗರನ್ನು ಒಂದುಗೂಡಿಸುತ್ತದೆ. ೨೦೧೬ರಲ್ಲಿ ಬಂದ ‘ಪೊಕೆಮಾನ್ ಗೋ’ ಎಂಬ ಫೋನಿನ ಆಟವು ಈ ಬೀಗವನ್ನು ಭೂಮಂಡಲಕ್ಕೇ ಹಾಕಿತು. ಅದರಲ್ಲಿ ಟಾರಸ್ ಎಂಬ ಗೂಳಿ ಉತ್ತರ ಅಮೆರಿಕದಲ್ಲಿಯೂ ಕ್ಯಾಂಗಸ್ಕಾನ್ ಆಸ್ಟ್ರೇಲಿಯದಲ್ಲಿಯೂ ಸಿಕ್ಕುವಂತೆ ಏರ್ಪಡಿಸಿದರು. ಬೆಂಗಳೂರಿನ ಬೀದಿಗಳಲ್ಲಿ ಎಷ್ಟು ನಡೆದರೂ ಅವು ಎದುರಾಗುವಂತಿರಲಿಲ್ಲ.

ಮೊದಲ ಆಟದ ನೂರೈವತ್ತೊಂದನೆಯ ಪ್ರಾಣಿಯ ಕಥೆಯನ್ನೂ ಹೇಳಲೇಬೇಕು. ‘ಮ್ಯೂ’ ಎಂಬ ಅದು ಮೊದಲಿನ ಯೋಜನೆಯಲ್ಲಿರಲಿಲ್ಲ. ಆಟವು ಸಿದ್ಧವಾದಮೇಲೆ ಕಡೆಯಲ್ಲಿ ಸ್ವಲ್ಪ ಜಾಗವು ಮಿಕ್ಕಲಾಗಿ, ಷಿಗೆಕಿ ಮೊರಿಮೊಟೊ ಎಂಬ ರಚಕನು ಅಲ್ಲಿ ಅದನ್ನು ಗುಟ್ಟಾಗಿ ಸೇರಿಸಿದನು. ಸಾಮಾನ್ಯ ಆಟದಲ್ಲಿ ಅದನ್ನು ಹಿಡಿಯಲು ದಾರಿಯೇ ಇರಲಿಲ್ಲ. ಅನಂತರ ಒಂದು ಮಕ್ಕಳ ಪತ್ರಿಕೆಯ ಮೂಲಕ ಸ್ಪರ್ಧೆ ನಡೆಸಿ ಇಪ್ಪತ್ತು ಮಂದಿಗೆ ಮಾತ್ರ ಅದನ್ನು ಕೊಟ್ಟರು. ಅರ್ಜಿ ಹಾಕಿದವರು ಹತ್ತಾರು ಸಾವಿರ. ಬೆಟ್ಟದಲ್ಲಿಯೂ ಇಲ್ಲದ, ಕಡಲಲ್ಲಿಯೂ ಇಲ್ಲದ ಈ ಪ್ರಾಣಿಯ ಸುದ್ದಿಯೇ ಆಟದ ಕೀರ್ತಿಯನ್ನು ಹೆಚ್ಚಿಸಿತು. ಕಾಡಿನ ಹುಲಿ ವಿರಳವಾಗುವುದು ಕಾಡು ಕ್ಷಯಿಸಿದ್ದರಿಂದ. ಮ್ಯೂ ವಿರಳವಾದದ್ದು ವಿರಳವಾಗಿರಲಿ ಎಂದು ಮನುಷ್ಯನು ಬಯಸಿದ್ದರಿಂದ. ಯಂತ್ರಕ್ಕೆ ಒಂದು ಮ್ಯೂವನ್ನು ತೋರಿಸುವುದೂ ಕೋಟಿ ಮ್ಯೂಗಳನ್ನು ತೋರಿಸುವುದೂ ಒಂದೇ ಖರ್ಚು. ಈ ಮಾತನ್ನು ನಾವು ನೆನಪಿನಲ್ಲಿಡಬೇಕು.

ಏಕೆಂದರೆ, ಕಷ್ಟವನ್ನು ನಿರ್ಮಿಸಬಲ್ಲವರು ಅದನ್ನು ಮಾರಲೂ ಬಲ್ಲರು. ಹಳೆಯ ಆಟದಲ್ಲಿ ಒಮ್ಮೆ ಹಣ ತೆತ್ತರೆ ಮುಗಿಯಿತು; ಚೆಂಡುಗಳು ಆಟದ ಹಣಕ್ಕೇ ಸಿಕ್ಕುತ್ತಿದ್ದುವು; ಸೋತವನು ಕಳೆದುಕೊಳ್ಳುತ್ತಿದ್ದದ್ದು ಹೊತ್ತನ್ನು ಮಾತ್ರ. ಫೋನುಗಳು ಬಂದಮೇಲೆ ಪ್ರಾಣಿಗಳನ್ನು ಲಾಟರಿಯಂತೆ ಎತ್ತಿಸುವ ಆಟಗಳು ಹುಟ್ಟಿದುವು. ೨೦೧೨ರಲ್ಲಿ ಜಪಾನಿನಲ್ಲಿ ಬಂದ ‘ಪಜಲ್ ಅಂಡ್ ಡ್ರ್ಯಾಗನ್ಸ್’ ಇಂಥವುಗಳಲ್ಲಿ ಹೆಸರಾದುದು. ನಿಜವಾದ ಹಣದಿಂದ ಕೊಂಡ ಹರಳುಗಳನ್ನು ತೆತ್ತರೆ ಯಂತ್ರದಿಂದ ಮೊಟ್ಟೆಯೊಂದು ಉರುಳುತ್ತದೆ. ಒಳಗೆ ಯಾವ ಪ್ರಾಣಿಯೋ ಬಲ್ಲವರಿಲ್ಲ. ಇದಕ್ಕೂ ಮುಂದೆ ಹೋದ ಕೆಲವು ಆಟಗಳು, ಲಾಟರಿಯಲ್ಲಿ ಗೊತ್ತಾದ ಇಷ್ಟು ವಸ್ತುಗಳ ಇಡೀ ಗುಂಪನ್ನು ಕೂಡಿಸಿದವರಿಗೇ ಅಪರೂಪದ ವಸ್ತುವನ್ನು ಕೊಡುವುದಾಗಿ ಆಸೆ ತೋರಿಸಿದುವು. ಇದರ ಗಣಿತವು ಕ್ರೂರವಾದುದು. ಸಮಾನ ಸಂಭವವುಳ್ಳ ಹತ್ತು ವಸ್ತುಗಳಿದ್ದರೆ, ಮೊದಲ ಐದು ಬಗೆಗಳು ಆರೇಳು ಸಲದಲ್ಲಿಯೇ ಕೈಸೇರುತ್ತವೆ. ಹತ್ತೂ ಪೂರ್ಣವಾಗಬೇಕಾದರೆ ಸರಾಸರಿ ೨೯ ಸಲ ಎತ್ತಬೇಕು. ಕಡೆಯದೊಂದಕ್ಕೇ ಹತ್ತು ಸಲ. ಅರ್ಧ ದಾರಿ ಸುಲಭವಾಗಿ ಬಂದವನು ಹಿಂದಿರುಗಲಾರನು. ೨೦೧೨ರ ಮೇ ತಿಂಗಳಿನಲ್ಲಿ ಜಪಾನ್ ಸರಕಾರದ ಗ್ರಾಹಕ ಇಲಾಖೆಯು ಈ ಪದ್ಧತಿಯು ಕಾನೂನಿಗೆ ವಿರುದ್ಧವೆಂದು ಸಾರಿತು. ೨೦೧೮ರಲ್ಲಿ ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಮಂಡಲಿಯು, ಹಣ ತೆತ್ತು ತೆರೆಯುವ ಅದೃಷ್ಟದ ಪೆಟ್ಟಿಗೆಗಳನ್ನು ಜೂಜೆಂದೇ ಪರಿಗಣಿಸಿತು.

ದೂರದ ದೇಶಗಳ ಮಾತೇಕೆ? ಆ ರಜೆಯ ಮಾರನೆಯ ದಿನ ನಮ್ಮ ಹುಡುಗನಿಗೆ ಮ್ಯೂಟೂ ಸಿಕ್ಕಿತು. ಆಟವನ್ನು ಹಿಂದೆ ಉಳಿಸಿಟ್ಟಿದ್ದ ಸ್ಥಳದಿಂದಲೇ ಮತ್ತೆ ಆರಂಭಿಸಿ, ಚೆಂಡುಗಳನ್ನು ಒಂದೊಂದಾಗಿ ಎಣಿಸುತ್ತ ಎಸೆದನು. ಒಂಬತ್ತನೆಯದಕ್ಕೆ ಬೀಗ ಬಿದ್ದಿತು. ಅವನ ಕೂಗಿಗೆ ಪಕ್ಕದ ಮನೆಯವರೂ ಹೊರಗೆ ಬಂದರು. ಆ ಸಂತೋಷವು ಸುಳ್ಳೆಂದು ನಾನು ಹೇಳಲಾರೆ. ಆದರೆ ಊರಿಗೆ ಹಿಂದಿರುಗಿದ ಎರಡು ತಿಂಗಳಿಗೆ ಅವನು ತಾಯಿಯ ಫೋನಿನಲ್ಲಿ ಬೇರೊಂದು ಆಟವನ್ನು ಹಿಡಿದನು. ಅದರಲ್ಲಿಯೂ ಮೊಟ್ಟೆಗಳು, ಅದರಲ್ಲಿಯೂ ‘ಇನ್ನೇನು’. ಚಿಕ್ಕಮ್ಮನು ರವಿಕೆ ಹೊಲಿದು ಕೂಡಿಟ್ಟಿದ್ದ ಹಣದಲ್ಲಿ ೧,೪೦೦ ರೂಪಾಯಿ ನಾಲ್ಕು ದಿನಗಳಲ್ಲಿ ಹೋಯಿತು. ಚಿಕ್ಕಮ್ಮನು ಅವನನ್ನು ಹೊಡೆಯಲಿಲ್ಲ. ನನಗೆ ಫೋನು ಮಾಡಿ, “ನೀನು ಲೆಕ್ಕ ಬಲ್ಲವನು, ಅವನಿಗೆ ಹೇಳಪ್ಪ” ಎಂದಷ್ಟೇ ಅಂದರು.

ಹೇಳಲು ಹೋದೆ. ಎರ್ರಾಬಿರ್ರಿ ಉಪದೇಶ ಮಾಡದೆ, ಒಂದು ಡಬ್ಬಿಯಲ್ಲಿ ಇಪ್ಪತ್ತು ಅವರೆಕಾಳುಗಳನ್ನೂ ಒಂದು ಹುಣಿಸೆಬೀಜವನ್ನೂ ಹಾಕಿ, ಕಣ್ಣುಮುಚ್ಚಿ ಎತ್ತಲು ಹೇಳಿದೆ. ಎತ್ತಿದ್ದನ್ನು ಮತ್ತೆ ಡಬ್ಬಿಗೇ ಹಾಕಬೇಕು. ಮ್ಯೂಟೂವಿನ ಲೆಕ್ಕವೂ ಇಪ್ಪತ್ತೊಂದರಲ್ಲಿ ಒಂದೇ ಅಲ್ಲವೆ? ಹನ್ನೆರಡು ಸಲ ಎತ್ತಿದಮೇಲೆ, “ಈಗ ಬೀಜ ಹತ್ತಿರ ಬಂದಿದೆಯೇನೋ?” ಎಂದು ಕೇಳಿದೆ. ಅವನು ಡಬ್ಬಿಯೊಳಗೆ ಇಣಿಕಿ ನೋಡಿ, ಬಹಳ ಹೊತ್ತು ಸುಮ್ಮನಿದ್ದು, “ಇಲ್ಲಣ್ಣ, ಅಷ್ಟೇ ಇವೆ” ಎಂದನು. ಸಂಭವನೀಯತೆಯ ಮೊದಲನೆಯ ಪಾಠ ಅವನಿಗೆ ಅಂದು ಬಂದಿತೆಂದು ನಾನು ಭಾವಿಸುತ್ತೇನೆ.

ಅಪರೂಪದ ಪ್ರಾಣಿಯನ್ನು ಅಟ್ಟುವುದು ತಪ್ಪೆಂದು ಈ ಲೇಖನದ ತಾತ್ಪರ್ಯವಲ್ಲ. ಹುಳು ಹಿಡಿದ ಬಾಲ್ಯದ ಸುಖವನ್ನು ಲೋಕದ ಮಕ್ಕಳಿಗೆಲ್ಲ ಹಂಚಿದ ಕಲ್ಪನೆ ಸಾಮಾನ್ಯವಾದುದಲ್ಲ. ತಾಳ್ಮೆ, ಯೋಚನೆ, ಗೆಳೆಯನೊಡನೆ ಕೊಡುಕೊಳ್ಳುವಿಕೆ ಇವನ್ನೆಲ್ಲ ಆ ಕಷ್ಟವು ಕಲಿಸೀತು. ಆದರೆ ಬೀಗವನ್ನು ಮಾಡಿದವನು ಮನುಷ್ಯನೇ ಎಂಬುದನ್ನೂ, ಅದರ ಕೀಲಿಯು ಒಂದು ಸಂಖ್ಯೆಯೆಂಬುದನ್ನೂ ಅರಿತು ಆಡುವವನು ಆಟಗಾರನು. ಅರಿಯದೆ ಆಡುವವನೇ ಆಟದ ಚೆಂಡು. ಅಜ್ಜಿಯ ಪ್ರಶ್ನೆಗೆ ಉತ್ತರವೂ ಆಟದಲ್ಲಿಯೇ ಇದೆ. ಸಿಕ್ಕಿದ ಪ್ರಾಣಿಗಳಲ್ಲಿ ಆರನ್ನು ಮಾತ್ರ ಜೊತೆಯಲ್ಲಿಟ್ಟುಕೊಂಡು ನಡೆಯಬಹುದು. ಉಳಿದುವೆಲ್ಲ ಪೆಟ್ಟಿಗೆ ಸೇರುತ್ತವೆ. ಹುಡುಗನ ಮ್ಯೂಟೂ ಈಗ ಆ ಪೆಟ್ಟಿಗೆಯಲ್ಲಿದೆ. ಮೊನ್ನೆ ಕೇಳಿದಾಗ, ಅದನ್ನು ನೋಡಿ ಮೂರು ತಿಂಗಳಾಯಿತೆಂದನು.